ಬೆಂಗಳೂರಲ್ಲಿ ಬಾಡಿಗೆ ಮನೆ: ಮೊದಲು ಸಂಪು, ಆಮೇಲೆ ಹಾಲ್

ನನಗೆ ಮನೆ ಸಿಗದೆ ಸುತ್ತಾಟವೇ ಆಗಿದ್ದಕ್ಕೆ ಕಾರಣ ಏರಿಯಾ ಆಯ್ದ ರೀತಿ. ಆಫೀಸಿನಿಂದ ಎಷ್ಟು ಕಿಲೋಮೀಟರ್ ಅನ್ನೋದು ಬಿಟ್ಟು ಮೆಟ್ರೋ ಲೈನ್ ಹಿಡಿದು ಹುಡುಕಿದಾಗ ಕೆಲಸ ಆಯ್ತು. ವೈಟ್‌ಫೀಲ್ಡ್‌ನಲ್ಲಿ ಕೆಲಸವಿದ್ದರೆ ನೇರಳೆ ಮಾರ್ಗದ ವಿಜಯನಗರ, ಅತ್ತಿಗುಪ್ಪೆ ಕೂಡ ಲೆಕ್ಕಕ್ಕೆ ಬರುತ್ತವೆ. ದೂರ ಜಾಸ್ತಿ, ಆದರೆ ಟ್ರಾಫಿಕ್ಕಿನ ಜೂಜಿಲ್ಲ. ಸ್ಟೇಷನ್ ಸುತ್ತಲಿನ ಅಡ್ಡರಸ್ತೆಗಳಲ್ಲಿ ಟು-ಲೆಟ್ ಬೋರ್ಡ್ ನೋಡುತ್ತ ನಡೆದರೆ ಬ್ರೋಕರ್ ಕಮಿಷನ್ನೂ ಉಳಿಯುತ್ತದೆ.

ಒಳಗೆ ಹೋಗುವ ಮೊದಲು ಸಂಪಿನ ಮುಚ್ಚಳ ತೆಗೆಸಿ. ‘ಕಾವೇರಿ ನೀರಿದೆ’ ಅಂದರೆ ಸಾಲದು. ಯಾವ ದಿನ, ಎಷ್ಟು ಹೊತ್ತು, ಸಂಪು ಎಷ್ಟು ಮನೆಗೆ ಅಂತ ಕೇಳಿ. 6,000 ಲೀಟರ್ ಸಂಪಿಗೆ ಆರು ಮನೆಯಾದರೆ ಮನೆಗೆ ಸಾವಿರ. ನೀರು ದಿನ ಬಿಟ್ಟು ದಿನ ಬಂದರೆ ನಾಲ್ಕು ಜನಕ್ಕೆ ತಲೆಗೆ ದಿನಕ್ಕೆ 125 ಲೀಟರ್ ಅಷ್ಟೇ. ಬಟ್ಟೆ ಒಗೆಯುವ ದಿನ ಟ್ಯಾಂಕರೇ ಗತಿ. ಅದರ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರಿದೆಯೋ, ಬೇರೆಯೋ? ಬಚ್ಚಲ ನಲ್ಲಿಯ ತುದಿಗೆ ಬಿಳೀ ಪದರ ದಪ್ಪಗೆ ಕಟ್ಟಿದ್ದರೆ ಬಹುಪಾಲು ಬೋರ್‌ವೆಲ್ ನೀರೇ, ಓನರ್ ಏನೇ ಹೇಳಲಿ. ಅಂಥ ಗಡಸು ನೀರಿಗೆ ಗೀಸರ್ ಕಾಯಿಲ್ ಬೇಗ ಹೋಗುತ್ತದೆ.

ಅಡ್ವಾನ್ಸ್ ಚೌಕಾಸಿಗಿಂತ ಕರಾರಿನ ಎರಡು ಸಾಲು ಮುಖ್ಯ: ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ಉಳಿದದ್ದು ಕೀ ಕೊಟ್ಟ ದಿನವೇ ವಾಪಸಾ. ಬೆಸ್ಕಾಂನ ಕೊನೆಯ ಬಿಲ್ಲಿನ ಫೋಟೋ ತೆಗೆದುಕೊಳ್ಳಿ, ಬಾಕಿ ಕಾಣುತ್ತದೆ. ಗೃಹಜ್ಯೋತಿ ಉಚಿತ ವಿದ್ಯುತ್ ಬೇಕಿದ್ದರೆ ಹಳೇ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟ್ ಸಂಪರ್ಕದ ನಂಬರ್) ನಿಮ್ಮ ಆಧಾರ್ ಬಿಡಿಸಿಯೇ ಹೊಸದಕ್ಕೆ ಅರ್ಜಿ ಹಾಕಿ.