ಹಿಂದಿನ ಹೌಸಿಂಗ್: ಕ್ರೌನ್-ಪಿನಿಯನ್ ತಪಾಸಣೆ, ಆಯಿಲ್ ಬದಲಾವಣೆ, ನಾನು ಮಾಡುವ ರೀತಿ

ಇದು ಬೊಲೆರೊ, ಓಮ್ನಿ, ಟಾಟಾ ಏಸ್‌ನಂಥ, ಹಿಂದಿನ ಗಾಲಿಯಿಂದ ಓಡುವ ಗಾಡಿಗಳ ಮಾತು. ಹೌಸಿಂಗ್ ಅಂದರೆ ಹಿಂದಿನ ಎರಡು ಗಾಲಿಗಳ ನಡುವಿನ ಲೋಹದ ಗೂಡು. ಅದರೊಳಗಿನ ಡಿಫರೆನ್ಷಿಯಲ್ ಇಂಜಿನ್ನಿನ ಬಲವನ್ನು ಎರಡೂ ಗಾಲಿಗೆ ಹಂಚುತ್ತದೆ. ಅಲ್ಲಿಗೆ ಬಲ ತರುವ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಸ್ವಿಫ್ಟ್, ಆಲ್ಟೊಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಕೂತಿರುತ್ತದೆ, ಎರಡಕ್ಕೂ ಒಂದೇ ಆಯಿಲ್. ಅದರ ಲೆಕ್ಕ ಬೇರೆ.

ಗ್ಯಾರೇಜಿಗೆ ‘ಕ್ರೌನ್ ಹೋಗಿದೆ’ ಎಂದು ಬರುವ ಗಾಡಿಗಳಲ್ಲಿ ಎಷ್ಟೋ ಸಲ ಹೋಗಿರುವುದು ಪ್ರೊಪೆಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಉದ್ದ ಶಾಫ್ಟಿನ) ಕೀಲು, ಅಂದರೆ ಕ್ರಾಸ್, ಇಲ್ಲವೇ ಗಾಲಿಯ ಬೇರಿಂಗ್, ಇಲ್ಲವೇ ಬರೀ ಟೈರು. ಹಾಗಾಗಿ ಪಾನಾ ಹಿಡಿಯುವ ಮೊದಲು ಒಂದು ರೌಂಡ್ ಓಡಿಸಿ ನೋಡುತ್ತೇನೆ. ಹೆದ್ದಾರಿ 48ರ ಡಾಂಬರಿನಿಂದ ಬೆಳಗಾವಿ ಊರೊಳಗಿನ ಸಿಮೆಂಟ್ ರಸ್ತೆಗೆ ಇಳಿದಾಗ ಶಬ್ದದ ಧಾಟಿ ಬದಲಾದರೆ ಅದು ಟೈರಿನದು. ಆಕ್ಸಿಲರೇಟರ್ ತುಳಿದಾಗ ಗುಂಯ್ ಎಂದು ಎದ್ದು, ಬಿಟ್ಟ ಕೂಡಲೇ ಅಡಗಿದರೆ ಕ್ರೌನ್-ಪಿನಿಯನ್ ಹಲ್ಲಿನ ಮೇಲೆ ಅನುಮಾನ. ಬಿಟ್ಟಾಗ ಮಾತ್ರ ಗೊರಗೊರ ಎಂದರೆ ಮೊದಲು ಪಿನಿಯನ್ ಬೇರಿಂಗ್, ಪಿನಿಯನ್ ನಟ್ ನೋಡಬೇಕು. ತುಳಿದರೂ ಬಿಟ್ಟರೂ ಒಂದೇ ಸಮ ಇದ್ದು, ಬಲಕ್ಕೆ ತಿರುವಿದಾಗ ಏರಿದರೆ ಎಡಗಾಲಿಯ ಬೇರಿಂಗ್, ಯಾಕೆಂದರೆ ಆಗ ಭಾರವೆಲ್ಲ ಎಡಕ್ಕೆ ಬೀಳುತ್ತದೆ. ನೇರ ರಸ್ತೆಯಲ್ಲಿ ಸುಮ್ಮನಿದ್ದು ತಿರುವಿನಲ್ಲಷ್ಟೇ ಕಟಕಟ ಅಂದರೆ ಡಿಫರೆನ್ಷಿಯಲ್ ಒಳಗಿನ ಸ್ಪೈಡರ್ ಗೇರ್, ಅಂದರೆ ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಣ್ಣ ಗೇರ್.

ಇನ್ನು ಕೈತಪಾಸಣೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೆಳಗೆ ಹೋಗುತ್ತೇನೆ. ಮೊದಲು ಕ್ರಾಸಿನ ಎರಡೂ ಕಡೆ ಹಿಡಿದು ತಿರುಚಬೇಕು. ಕ್ರಾಸಿನ ಬೇರಿಂಗ್ ಕಪ್ ಸುತ್ತ ತುಕ್ಕಿನ ಕೆಂಪು ಪುಡಿ ಕಂಡರೆ ಅಲ್ಲಿಗೇ ‘ಖಟ್’ ಶಬ್ದದ ಮೂಲ ಸಿಕ್ಕಹಾಗೆ. ಆಮೇಲೆ ಪಿನಿಯನ್ ಫ್ಲ್ಯಾಂಜನ್ನು (ಪ್ರೊಪೆಲರ್ ಶಾಫ್ಟ್ ಪಿನಿಯನ್ನಿಗೆ ಕೂಡುವ ಬಿಲ್ಲೆ) ಬೆರಳಿನಿಂದ ಹಗುರಾಗಿ ಎಡಬಲ ತಿರುಗಿಸಿ ಆಡಿಸುತ್ತೇನೆ. ಜೋರು ಮಾಡಬಾರದು. ಮೊದಲ ಸಣ್ಣ ‘ಟಿಕ್’ ಕ್ರೌನ್-ಪಿನಿಯನ್ ಹಲ್ಲುಗಳ ಸಂದಿನದು. ಫ್ಲ್ಯಾಂಜಿನ ಅಂಚಿನಲ್ಲಿ ಅದು ಒಂದು ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಇನ್ನೂ ಸ್ವಲ್ಪ ಬಲ ಹಾಕಿದರೆ ಸಿಗುವ ಎರಡನೇ ಪ್ಲೇ (ಸಡಿಲು) ಸ್ಪೈಡರ್ ಗೇರ್, ಅದರ ವಾಷರ್ ಮತ್ತು ಆ್ಯಕ್ಸಲ್ ತುದಿಯ ಉದ್ದ ಹಲ್ಲುಗಳಾದ ಸ್ಪ್ಲೈನಿನದು. ಹಳೇ ಗಾಡಿಯಲ್ಲಿ ಈ ಎರಡನೆಯದು ಹೆಚ್ಚಿದ್ದರೂ ಗಾಡಿ ಬಹಳ ದಿನ ಓಡುತ್ತದೆ. ಆದರೆ ಅದೇ ಫ್ಲ್ಯಾಂಜನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಜಗ್ಗಿದಾಗ ಒಂದಿಷ್ಟಾದರೂ ಅಲುಗಾಡಿದರೆ ಗಾಡಿ ಅಲ್ಲೇ ನಿಲ್ಲಿಸುವುದು ಒಳ್ಳೆಯದು. ಪಿನಿಯನ್ ಬೇರಿಂಗ್ ಸಡಿಲಾದ ಮೇಲೆ ಹಲ್ಲು ಸರಿಯಾದ ಜಾಗದಲ್ಲಿ ಕೂರುವುದಿಲ್ಲ. ಇವತ್ತು ಬೇರಿಂಗಿನ ಖರ್ಚು, ನಾಳೆ ಪೂರ್ತಿ ಸೆಟ್ಟಿನ ಖರ್ಚು.

ಆಯಿಲ್ ಬದಲಿಸುವಾಗ ಗಾಡಿಯನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ತಂದರೆ ಆಯಿಲ್ ತೆಳುವಾಗಿ, ತಳದ ಗಸಿಯೂ ಜೊತೆಗೇ ಇಳಿಯುತ್ತದೆ. ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ಕಚ್ಚಿಕೊಂಡಿದ್ದು ಗೊತ್ತಾದರೆ, ಹೊಸ ಆಯಿಲ್ ಹಾಕಲು ದಾರಿಯಿಲ್ಲದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಪ್ಲಗ್ ಸುತ್ತ ತಂತಿ ಬ್ರಷ್ ಆಡಿಸಿ ಮಣ್ಣು ತೆಗೆದೇ ಬಿಚ್ಚಬೇಕು, ಇಲ್ಲದಿದ್ದರೆ ಅದು ಒಳಗೆ ಬೀಳುತ್ತದೆ.

ಇಳಿದ ಆಯಿಲನ್ನು ಅಗಲ ಬುಟ್ಟಿಯಲ್ಲಿ ಹಿಡಿದು ಬಿಸಿಲಿಗೆ ಇಟ್ಟು ನೋಡುತ್ತೇನೆ. ಮ್ಯಾಗ್ನೆಟ್ ಇರುವ ಪ್ಲಗ್ಗಿಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಹತ್ತಿದ್ದರೆ ಹೆದರಬೇಕಿಲ್ಲ, ಅದು ಸಹಜ ಸವೆತ. ಬೆರಳ ನಡುವೆ ತಿಕ್ಕಿದಾಗ ಚುಚ್ಚುವ ಚೂರು ಬಂದರೆ ಬೇರಿಂಗ್ ಅಥವಾ ಹಲ್ಲು ಕಿತ್ತು ಬರುತ್ತಿದೆ. ಆ ಗಾಡಿಗೆ ಹೊಸ ಆಯಿಲ್ ಹಾಕಿ ಕಳಿಸುವುದು ದಂಡ, ಹೌಸಿಂಗ್ ತೆಗೆಯಲೇಬೇಕು. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ನೀರು ಹೊಕ್ಕಿದೆ ಎಂದೇ ಅರ್ಥ. ಕೃಷ್ಣಾ, ಘಟಪ್ರಭಾ ಏರಿದ ದಿನಗಳಲ್ಲಿ ಮುಧೋಳ, ಜಮಖಂಡಿ ಕಡೆ ಸೇತುವೆ ದಾಟಿ ಬಂದ ಗಾಡಿಗಳಲ್ಲಿ ಇದು ಮಾಮೂಲಿ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆ್ಯಕ್ಸಲ್ ಮುಳುಗುವಷ್ಟು ನೀರು ದಾಟಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಕೂಡಲೇ ಬದಲಿಸಬೇಕು.

ಬ್ರೀದರ್ ಅಂದರೆ ಆ್ಯಕ್ಸಲ್ ಕೊಳವೆಯ ಮೇಲಿನ ಸಣ್ಣ ಟೊಪ್ಪಿಗೆ. ಹೆಚ್ಚಿನವರು ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮ ಎರೆ ಮಣ್ಣು ಅದರ ಮೇಲೆ ಮೆತ್ತಿ ಒಣಗಿದರೆ ಕಲ್ಲಿನಂತೆ ಮುಚ್ಚಿಬಿಡುತ್ತದೆ. ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಹೊರದಾರಿ ಸಿಗದೆ ಆಯಿಲ್ ಪಿನಿಯನ್ ಸೀಲನ್ನೋ ಆ್ಯಕ್ಸಲ್ ಸೀಲನ್ನೋ ತಳ್ಳಿಕೊಂಡು ಬರುತ್ತದೆ. ಆ್ಯಕ್ಸಲ್ ಕಡೆ ಬಂದರೆ ನೇರ ಬ್ರೇಕ್ ಶೂ ಮೇಲೆ, ಆ ಕಡೆಯ ಬ್ರೇಕ್ ಹಿಡಿಯುವುದೇ ಇಲ್ಲ. ಸೀಲ್ ಮೇಲೆ ಸೀಲ್ ಬದಲಿಸಿದರೂ ಸೋರಿಕೆ ನಿಲ್ಲದ ಗಾಡಿಯಲ್ಲಿ ನಾನು ಮೊದಲು ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯುವುದು ಈ ಟೊಪ್ಪಿಗೆಯನ್ನೇ.

ಪಿನಿಯನ್ ಸೀಲ್ ಬದಲಿಸಲೇಬೇಕಾದರೆ ನಟ್, ಶಾಫ್ಟ್, ಫ್ಲ್ಯಾಂಜ್ ಮೂರರ ಮೇಲೂ ಪಂಚಿನಿಂದ ಗುರುತು ಹಾಕಿ, ನಟ್ಟಿನ ಹೊರಗೆ ಕಾಣುವ ಶಾಫ್ಟಿನ ಥ್ರೆಡ್ ಎಷ್ಟೆಂದು ಎಣಿಸಿಕೊಂಡು ಬಿಚ್ಚುತ್ತೇನೆ. ಒಳಗೆ ಪಿನಿಯನ್ ಬೇರಿಂಗುಗಳ ನಡುವೆ, ಒತ್ತಿದರೆ ಕುಗ್ಗುವ ಸ್ಲೀವ್ (ಲೋಹದ ಕೊಳವೆ) ಇರುವ ಗಾಡಿಯಲ್ಲಿ ಇಂಪ್ಯಾಕ್ಟ್ ಗನ್ ಹಚ್ಚಿ ಬಿಗಿದರೆ ಸ್ಲೀವ್ ಇನ್ನಷ್ಟು ಕುಗ್ಗಿ ಬೇರಿಂಗ್ ಬಿಗಿಯಾಗುತ್ತದೆ, ಸ್ವಲ್ಪ ದಿನದಲ್ಲೇ ಬೇರಿಂಗ್ ಕೂಗಲು ಶುರು. ಮತ್ತೆ ಸಡಿಲು ಬಿಟ್ಟರೂ ಉಪಯೋಗವಿಲ್ಲ, ಹೊಸ ಸ್ಲೀವೇ ಬೇಕು.

ಹೌಸಿಂಗ್ ಬಿಚ್ಚಿದರೆ ಡಯಲ್ ಗೇಜ್ ಹಚ್ಚಿ ಕ್ರೌನಿನ ನಾಲ್ಕು ಕಡೆ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಂದು, ಅಳೆಯಬೇಕು. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಒಳಗಿರುತ್ತದೆ, ಕಡೆಯ ಮಾತು ಆಯಾ ಗಾಡಿಯ ಮ್ಯಾನ್ಯುಯಲ್‌ನದು. ಕ್ರೌನ್ ಒಂದು ಕಡೆಯದು, ಪಿನಿಯನ್ ಇನ್ನೊಂದು ಕಡೆಯದು ತಂದು ಜೋಡಿಸುವುದು ಸಲ್ಲದು. ಕಾರ್ಖಾನೆಯಲ್ಲೇ ಎರಡನ್ನೂ ಜೋಡಿಯಾಗಿ ಉಜ್ಜಿ ಹೊಂದಿಸಿರುತ್ತಾರೆ.

ಆಯಿಲ್ ವಿಷಯದಲ್ಲಿ ಜಿಎಲ್-5 ದರ್ಜೆಯನ್ನೇ (ಹಲ್ಲಿನ ಒತ್ತಡ ಎಷ್ಟು ತಾಳುತ್ತದೆ ಎಂಬುದರ ಗುರುತು) ಕೇಳಿ ತರಬೇಕು. ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂತಿರುವುದರಿಂದ ಹಲ್ಲುಗಳು ಒಂದರ ಮೇಲೊಂದು ಒತ್ತಿ ಜಾರುತ್ತವೆ. ಆ ಒತ್ತಡಕ್ಕೆ ಜಿಎಲ್-4 ಸಾಲದು. ಹಾಗಂತ ಉಳಿದ ಜಿಎಲ್-5 ಅನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆ ಸಿಂಕ್ರೊ ರಿಂಗಿಗೆ (ಗೇರ್ ಬದಲಿಸುವಾಗ ವೇಗ ಹೊಂದಿಸುವ ಬಳೆ) ಅದು ಒಗ್ಗುವುದಿಲ್ಲ. ದಪ್ಪದ ಲೆಕ್ಕದಲ್ಲಿ ಕಂಪನಿ 80ಡಬ್ಲ್ಯೂ-90 ಹೇಳಿದ್ದರೆ ಅದನ್ನೇ ಹಾಕುತ್ತೇನೆ. ಕಬ್ಬು, ಬೆಲ್ಲದ ಲೋಡು ಹೊರುವ ಪಿಕಪ್‌ಗೆ ಮ್ಯಾನ್ಯುಯಲ್ ಒಪ್ಪಿದ್ದರೆ ಮಾತ್ರ ಅದಕ್ಕಿಂತ ದಪ್ಪದ 85ಡಬ್ಲ್ಯೂ-140. ಹಳೇ ಗಾಡಿ ಮಾರುವವರು ಗುಂಯ್ ಶಬ್ದ ಮುಚ್ಚಲು ದಪ್ಪ ಆಯಿಲ್ ತುಂಬುವುದುಂಟು. ಕೊಳ್ಳುವಾಗ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ.

ಓಮ್ನಿಯಂಥ ಸಣ್ಣ ಗಾಡಿಗೆ ಒಂದೂಕಾಲು ಲೀಟರ್ ಆಸುಪಾಸು ಹಿಡಿಯುತ್ತದೆ, ಬೇರೆ ಗಾಡಿಗಳ ಅಳತೆ ಬೇರೆ. ಅಳತೆಗಿಂತ ಮಟ್ಟ ಮುಖ್ಯ: ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದು ಹನಿಯಲು ಶುರುವಾದರೆ ಸಾಕು. ಜಾಕ್ ಏರಿಸಿ ಗಾಡಿ ಓರೆಯಾಗಿದ್ದಾಗ ತುಂಬಿದರೆ ಈ ಲೆಕ್ಕ ತಪ್ಪುತ್ತದೆ. ಡ್ರೈನ್ ಪ್ಲಗ್ಗಿಗೆ ವಾಷರ್ ಇದ್ದರೆ ಹೊಸದು ಹಾಕಿ. ಒಂದು ರೌಂಡ್ ಓಡಿಸಿ ತಂದು, ಆರಲು ಬಿಟ್ಟು ಮತ್ತೆ ಮಟ್ಟ ನೋಡುತ್ತೇನೆ. ಆ್ಯಕ್ಸಲ್ ಕೊಳವೆಗಳಿಗೆ ಆಯಿಲ್ ಹರಿದು ಸ್ವಲ್ಪ ಇಳಿದಿರುತ್ತದೆ.

ಹಳೇ ಆಯಿಲನ್ನು ಗೆದ್ದಲಿಗೆ ಎಂದು ಬಾಗಿಲ ಚೌಕಟ್ಟಿಗೆ ಬಳಿಯಲು ಕೇಳಿಕೊಂಡು ಬರುವವರಿದ್ದಾರೆ. ಗೇರ್ ಆಯಿಲಿನ ಗಂಧಕದ ನಾತ ಮನೆಯಿಂದ ಬೇಗ ಹೋಗುವುದಿಲ್ಲ. ಚರಂಡಿಗೂ ಹೊಲಕ್ಕೂ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು, ಹಳೇ ಆಯಿಲ್ ಒಯ್ಯುವ ಪರವಾನಗಿ ಇರುವವರಿಗೆ ಕೊಡಬೇಕು.