ಮಗುಗೆ ಪ್ಲೇ ಥೆರಪಿ ಶುರು ಮಾಡೋದು ಹೇಗೆ, ದುಡ್ಡು ಹೊಂದಿಸೋದು ಹೇಗೆ

ನಮ್ಮತ್ತೆ ತೀರಿಕೊಂಡ ಮೇಲೆ ನನ್ ಮಗ, ಆರು ವರ್ಷದವನು, ಮತ್ತೆ ಹಾಸಿಗೇಲಿ ಉಚ್ಚೆ ಮಾಡ್ಕೊಳ್ಳೋಕೆ ಶುರು ಮಾಡ್ದ, ಸ್ಕೂಲಲ್ಲಂತೂ ಬಾಯೇ ಬಿಡ್ತಿರಲಿಲ್ಲ. ದೃಷ್ಟಿ ತೆಗೀರಿ ಅಂದ್ರು, ತೆಗೆದೂ ಆಯ್ತು. ಪ್ಲೇ ಥೆರಪಿ, ಅಂದ್ರೆ ಆಟದ ಮೂಲಕ ಮಗು ಮನಸ್ಸಲ್ಲಿರೋದನ್ನ ಹೊರಗೆ ತರೋ ಚಿಕಿತ್ಸೆ, ಅಂತ ಒಂದಿದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ, ಅದಕ್ಕೇ ಬರೀತಿದೀನಿ.

ಮೊದಲು ಮಕ್ಕಳ ಡಾಕ್ಟರ್ ಹತ್ರ ಹೋಗಿ. ಯೂರಿನ್ ಇನ್ಫೆಕ್ಷನ್ ಇದ್ಯಾ, ಕಿವಿ ಸರಿಯಾಗಿ ಕೇಳುತ್ತಾ, ಇವೆಲ್ಲ ನೋಡದೆ ನೇರ ಥೆರಪಿಗೆ ದುಡ್ಡು ಕಟ್ಟಬೇಡಿ. ಆಮೇಲೆ ಸರ್ಕಾರಿ ಕಡೆ ವಿಚಾರಿಸಿ. ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಅಂತ 2013ರಲ್ಲಿ ಶುರುವಾದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ ಇದೆ, ಹುಟ್ಟಿದಾಗಿಂದ 18 ವರ್ಷದವರೆಗಿನ ಮಕ್ಕಳಿಗೆ, ಅದರ ಕೆಳಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅನ್ನೋ, ಮಕ್ಕಳ ತೊಂದರೆನ ಬೇಗ ಗುರುತಿಸಿ ಚಿಕಿತ್ಸೆ ಕೊಡೋ ಕೇಂದ್ರ ಇರುತ್ತೆ, ಫ್ರೀ. ಬೆಂಗಳೂರು ಹತ್ರ ಆದ್ರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ, ಮಾತು ತಡವಾಗಿದ್ರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಕಾಯಬೇಕಾಗುತ್ತೆ ನಿಜ, ಬೆಳಗ್ಗೇನೇ ಹೋಗಿ, ಬಿಪಿಎಲ್ ಕಾರ್ಡ್ ಇದ್ರೆ ಮರೀದೆ ತಗೊಂಡೋಗಿ. ಯಾರನ್ನ ಕೇಳೋದು ಅಂತಾನೇ ಗೊತ್ತಾಗ್ದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ.

ಪ್ರೈವೇಟ್ ಆದ್ರೆ ಒಂದು ವಿಷಯ ಗಟ್ಟಿಯಾಗಿ ಕೇಳಿ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಶನ್ ಇರೋ ಕ್ಲಿನಿಕಲ್ ಸೈಕಾಲಜಿಸ್ಟಾ ಅಂತ. ನಂಬರ್ ಕೊಟ್ರೆ ನೀವೇ ಚೆಕ್ ಮಾಡಬಹುದು. ಪ್ಲೇ ಥೆರಪಿ ಟ್ರೈನಿಂಗ್ ಎಲ್ಲಿ ಆಗಿದೆ, ಎಷ್ಟು ಮಕ್ಕಳ ಜೊತೆ ಕೆಲಸ ಮಾಡಿದಾರೆ, ಇದನ್ನ ಕೇಳೋಕೆ ಸಂಕೋಚ ಬೇಡ. ನಾವು ಮೊದಲು ಹೋದ ಒಂದು ಕಡೆ ಮಗುನ ನೋಡೋಕೂ ಮುಂಚೆ 24 ಸೆಶನ್ ಪ್ಯಾಕೇಜ್ ಕಟ್ಟಿ ಅಂದ್ರು, ಎದ್ದು ಬಂದ್ವಿ. ಆಮೇಲೆ ಸಿಕ್ಕಿದ ಮೇಡಂ ಮೊದಲ ದಿನ ಮಗುನ ಬಿಟ್ಟು ನಮ್ಮಿಬ್ಬರನ್ನೇ ಕೂರಿಸಿ ಒಂದು ಗಂಟೆ ಕೇಳಿದ್ರು. 45 ನಿಮಿಷಕ್ಕೆ 900, ವಾರಕ್ಕೊಂದು, 12 ವಾರಕ್ಕೆ 10,800, ಬಸ್ಸು ಆಟೋ ಬೇರೆ. ಮೂರು ತಿಂಗಳ ದುಡ್ಡು ಎತ್ತಿಟ್ಕೊಂಡೇ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿದ್ರೆ ಮಗುಗೆ ಇನ್ನೊಬ್ಬರು ಬಿಟ್ಟೋದ ಹಾಗಾಗುತ್ತೆ. ಕಷ್ಟ ಇದ್ರೆ ಫೀಸ್ ಕಮ್ಮಿ ಮಾಡ್ತೀರಾ ಅಂತ ಬಾಯಿಬಿಟ್ಟು ಕೇಳಿ, ನಮಗೆ ಕೊನೇ ತಿಂಗಳು ಮಾಡಿದ್ರು.

ಸ್ಕೀಮ್ ವಿಷಯದಲ್ಲಿ ತುಂಬ ಜನ ಗೊಂದಲ ಮಾಡ್ಕೋತಾರೆ. ದುಃಖ ಭಯಕ್ಕೆ ಥೆರಪಿ ಮಾಡಿಸಿದ್ರೆ ಅಂಗವೈಕಲ್ಯದ ಸ್ಕೀಮ್ ಸಿಗಲ್ಲ, ನಮಗೂ ಸಿಗ್ಲಿಲ್ಲ. ಆದ್ರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹು ವೈಕಲ್ಯ ಅಂತ ಸರ್ಟಿಫಿಕೇಟ್ ಇದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, ಒಂದು ಲಕ್ಷದವರೆಗೆ, ಥೆರಪಿಗೂ ಅದರಲ್ಲಿ ಒಂದು ಮಿತಿವರೆಗೆ ಸಿಗುತ್ತೆ, ಬಿಲ್ ಎಲ್ಲ ಜೋಪಾನವಾಗಿ ಇಟ್ಕೊಳ್ಳಿ. ಯುಡಿಐಡಿ ಅನ್ನೋ ಅಂಗವೈಕಲ್ಯದ ಗುರುತಿನ ಕಾರ್ಡೂ ಮಾಡಿಸಿ. ವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದು ನೀವು ಹಳೇ ಟ್ಯಾಕ್ಸ್ ಪದ್ಧತೀಲಿದ್ರೆ ಆದಾಯದಲ್ಲಿ 75,000 ಕಳೀಬಹುದು, ಶೇ. 80 ಅಥವಾ ಜಾಸ್ತಿ ಇದ್ರೆ 1,25,000.

ಮಗುಗೆ ಹೇಳೋವಾಗ ನಿನ್ನ ಸರಿ ಮಾಡೋಕೆ ಕರ್ಕೊಂಡೋಗ್ತಿದೀವಿ ಅನ್ನಬೇಡಿ. ಒಂದು ಆಟದ ರೂಮಿದೆ, ಅಲ್ಲಿ ಏನಾಡಬೇಕು ಅಂತ ನೀನೇ ಹೇಳೋದು, ಅಷ್ಟು ಸಾಕು. ಗೊಂಬೆ, ಮರಳಿನ ಟ್ರೇ, ಡಾಕ್ಟರ್ ಸೆಟ್, ಮಣ್ಣು ಎಲ್ಲ ಇರುತ್ತೆ, ಬಾಯಲ್ಲಿ ಬರದೇ ಇರೋದು ಅಲ್ಲಿ ಕೈಯಲ್ಲಿ ಬರುತ್ತೆ. ನನ್ ಮಗ ಮೂರು ವಾರ ಒಂದೇ ಗೊಂಬೇನ ಮರಳಲ್ಲಿ ಹೂಳ್ತಿದ್ದ, ತೆಗೀತಿದ್ದ, ಮತ್ತೆ ಹೂಳ್ತಿದ್ದ ಅಂತ ಮೇಡಂ ಹೇಳಿದಾಗ ನನಗೆ ಅಳು ತಡ್ಕೊಳ್ಳೋಕಾಗ್ಲಿಲ್ಲ. ಹೊರಗೆ ಬಂದ ತಕ್ಷಣ ಏನಾಡ್ದೆ ಏನ್ ಹೇಳ್ದೆ ಅಂತ ವಿಚಾರಣೆ ಮಾಡಬೇಡಿ.

ಪೂರ್ತಿ ಫೀಸ್ ಕೊಡೋಕೆ ಆಗಲ್ಲ ಅನ್ನೋರಿಗೂ ದಾರಿ ಇದೆ. ಇಂಥ ಆಟದ ಸೆಶನ್ ಮಾಡೋದನ್ನ ಅಪ್ಪ ಅಮ್ಮನಿಗೇ ಕಲಿಸಿಕೊಡೋ ಪದ್ಧತೀನ 1960ರ ದಶಕದಲ್ಲೇ ಅಮೆರಿಕದ ಗರ್ನಿ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿ ಶುರು ಮಾಡಿದ್ರು. ವಾರಕ್ಕೊಂದ್ಸಲ ಅರ್ಧ ಗಂಟೆ, ಮೊಬೈಲ್ ಬೇರೆ ರೂಮಲ್ಲಿ, ಪ್ರಶ್ನೆ ಕೇಳಬಾರದು, ಪಾಠ ಹೇಳಬಾರದು, ಅವನು ಮಾಡೋದನ್ನ ನೋಡ್ತಾ 'ಗೊಂಬೆಗೆ ತುಂಬ ಕೋಪ ಬಂದಿದೆ' ಅಂತ ಅಷ್ಟೇ ಹೇಳ್ಬೇಕು. ಒಂದೆರಡು ಸೆಶನ್ ದುಡ್ಡಲ್ಲಿ ಇದನ್ನ ಥೆರಪಿಸ್ಟ್ ಹತ್ರ ಕಲ್ತುಕೊಳ್ಳಿ, ನಾವು ಈಗ್ಲೂ ಭಾನುವಾರ ಮಾಡ್ತೀವಿ.

ನಿಲ್ಲಿಸೋ ಸಮಯ ಬಂದಾಗ ಮೂರ್ನಾಲ್ಕು ವಾರ ಮುಂಚೇನೇ ಮಗುಗೆ ಹೇಳಿ, ಕ್ಯಾಲೆಂಡರಲ್ಲಿ ಉಳಿದಿರೋ ದಿನಗಳನ್ನ ಅವನ ಕೈಲೇ ಗುರುತು ಹಾಕಿಸಿ.