ರೋಟರಿ ವಿಮಾನ ಎಂಜಿನ್‌ನಲ್ಲಿ ಆಯಿಲ್ ಒತ್ತಡ ಕುಸಿದಾಗ ಮಾಡಬೇಕಾದ ಪರೀಕ್ಷೆ

ಮೈಸೂರಿನ ಏಪ್ರಿಲ್ ಬಿಸಿಲಿನಲ್ಲಿ, ಮಜ್ದಾ 13ಬಿ ಎಂಬ ಕಾರಿನ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ತಿರುಗುವಂಥದ್ದು) ಅಳವಡಿಸಿದ ಸಣ್ಣ ವಿಮಾನ ಐಡಲ್‌ನಲ್ಲಿದ್ದಾಗ, ಅಂದರೆ ಎಂಜಿನ್ ಕನಿಷ್ಠ ವೇಗದಲ್ಲಿ ತಿರುಗುತ್ತಿದ್ದಾಗ, ಆಯಿಲ್ ಒತ್ತಡ ತುಸು ತಗ್ಗುವುದು ಸಹಜ. ಆದರೆ ವೇಗ ಹೆಚ್ಚಿಸಿದರೂ ಮೀಟರಿನ ಮುಳ್ಳು ಏಳದಿದ್ದರೆ ಎಂಜಿನ್ ಅನ್ನು ತಕ್ಷಣ ನಿಲ್ಲಿಸಬೇಕು.

ಮೊದಲು ಆಯಿಲ್ ಮಟ್ಟ ನೋಡಿ. ರೋಟರಿನ ಅಂಚಿನ ಸೀಲುಗಳ ನಯಕ್ಕಾಗಿ ಈ ಎಂಜಿನ್ ಸ್ವಲ್ಪ ಆಯಿಲ್ ಅನ್ನು ಉದ್ದೇಶಪೂರ್ವಕವಾಗಿಯೇ ಸುಡುವುದರಿಂದ ಮಟ್ಟ ಇಳಿಯುತ್ತಲೇ ಇರುತ್ತದೆ. ಆಯಿಲ್ ತೆಳುವಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದನ್ನು ಬದಲಿಸಿ. ಬಳಿಕ ಸೆನ್ಸರ್ ಇರುವ ಜಾಗಕ್ಕೆ ಯಾಂತ್ರಿಕ ಮೀಟರ್ ಜೋಡಿಸಿ ಅಳೆಯಿರಿ. ಸೆನ್ಸರ್ ಕೆಟ್ಟಿರುವುದು ಅಪರೂಪವೇನಲ್ಲ.

ಒತ್ತಡ ನಿಜಕ್ಕೂ ಕಡಿಮೆಯಿದ್ದರೆ, ಅದು ಯಾವಾಗ ಕಡಿಮೆಯಾಗುತ್ತದೆ ಎಂಬುದೇ ಮುಖ್ಯ ಸುಳಿವು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಐಡಲ್‌ನಲ್ಲಿ ಕುಸಿದರೆ, ಎಕ್ಸೆಂಟ್ರಿಕ್ ಶಾಫ್ಟಿನ (ರೋಟರುಗಳು ತಿರುಗಿಸುವ ಮುಖ್ಯ ಅಚ್ಚು) ಮುಂತುದಿಯ ಥರ್ಮಲ್ ಬೈಪಾಸ್ ವಾಲ್ವ್ (ತಣ್ಣಗಿದ್ದಾಗ ತೆರೆದು, ಬಿಸಿಯಾದಾಗ ಮುಚ್ಚಬೇಕಾದ ಕವಾಟ) ಬಿಸಿಯಾದರೂ ಮುಚ್ಚದೆ ಆಯಿಲ್ ಸೋರಿಸುತ್ತಿರಬಹುದು, ಇಲ್ಲವೇ ಬೇರಿಂಗುಗಳು ಸವೆದಿರಬಹುದು. ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿದರೆ ಲೋಹದ ಚೂರುಗಳು ಬೇರಿಂಗಿನ ಕಥೆ ಹೇಳುತ್ತವೆ. ಎಲ್ಲ ಸ್ಥಿತಿಯಲ್ಲೂ ಒತ್ತಡ ಕಡಿಮೆಯಿದ್ದರೆ, ಒತ್ತಡ ನಿಯಂತ್ರಕ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತಿದೆಯೇ, ಮುಂಬದಿಯ ಕವರ್‌ನೊಳಗಿನ ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಹರಿದಿದೆಯೇ ಎಂದು ಪರೀಕ್ಷಿಸಿ. ಈ ಓ-ರಿಂಗ್ ಹರಿದರೆ ಆಯಿಲ್ ಒಳಗೊಳಗೇ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಮರಳುವುದರಿಂದ ಹೊರಗೆ ಹನಿಯೂ ಕಾಣದು. ಪಂಪನ್ನು ದೂರುವ ಮುನ್ನ ಇದನ್ನು ನೋಡುವುದೇ ಜಾಣತನ.

ದುರಸ್ತಿಯಾದ ಮೇಲೆ ಇಗ್ನಿಷನ್ ಮತ್ತು ಇಂಧನ ಎರಡನ್ನೂ ಕಡಿತಗೊಳಿಸಿ, ಪ್ರೊಪೆಲರ್ ಬಳಿ ಯಾರೂ ಇಲ್ಲದಂತೆ ನೋಡಿಕೊಂಡು, ಒತ್ತಡ ಏರುವವರೆಗೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಿ; ವಿಮಾನವನ್ನು ಭದ್ರವಾಗಿ ಕಟ್ಟಿ ನೆಲದ ಮೇಲೆಯೇ ಎಂಜಿನ್ ಅನ್ನು ಪೂರ್ಣ ಬಿಸಿಯಾಗುವವರೆಗೆ ಓಡಿಸಿದ ನಂತರವೇ ಹಾರಾಟದ ವಿಚಾರ.